ಎಂಜಿನ್ ಬಿಚ್ಚುವ ಮೊದಲು ನಾವು ಕೇಳಬೇಕಾದ ಪ್ರಶ್ನೆಗಳು
(ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ನೀಡಿದ ಮಾಹಿತಿಯ ಸಾರ)



ಹಸು, ಹೊಲಿಗೆ ಯಂತ್ರ, ಅಂಗಡಿ ಇವುಗಳಿಗೆ ಸಾಲ ಕೊಟ್ಟ ಹಾಗೆ ಈಗ ನಮ್ಮ ಸಂಘಗಳಿಂದ ಲಾರಿ, ಗೂಡ್ಸ್ ಗಾಡಿಗಳಿಗೂ ಸಾಲ ಹೋಗುತ್ತಿದೆ. ಗಾಡಿ ಓಡಿದರೆ ಕಂತು ಬರುತ್ತದೆ, ನಿಂತರೆ ಕಂತೂ ನಿಲ್ಲುತ್ತದೆ. "ಎಂಜಿನ್ ಹೋಯ್ತು, ಪೂರ್ತಿ ಕೆಲಸ ಮಾಡ್ಬೇಕು" ಅಂತ ಗ್ಯಾರೇಜಿನವರು ಅಂದ ಕೂಡಲೇ ಕಿವಿಯ ಓಲೆ ಅಡವಿಡಲು ಓಡುವವರು ನಮ್ಮಲ್ಲಿದ್ದಾರೆ. ಹಾಗೆ ಓಡುವ ಮೊದಲು ಎಂಜಿನ್ನಿನಲ್ಲಿ ಯಾವುದು ಕೆಟ್ಟಿದೆ ಎಂದು ಕೇಳಿ ತಿಳಿಯಬೇಕು. ಅದಕ್ಕೆ ನಾವು ಮೆಕ್ಯಾನಿಕ್ ಆಗಬೇಕಾಗಿಲ್ಲ.

ವಾಲ್ವ್ ಅಂದರೆ ಏನು?

ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಬಾಗಿಲುಗಳಿವೆ. ಒಂದು ಗಾಳಿ ಒಳಗೆ ಬಿಡುತ್ತದೆ, ಇನ್ನೊಂದು ಹೊಗೆ ಹೊರಗೆ ಬಿಡುತ್ತದೆ. ಇವೇ ವಾಲ್ವ್‌ಗಳು. ಹೆಚ್ಚಿನ ಲಾರಿ ಎಂಜಿನ್ನುಗಳಲ್ಲಿ ಕೆಳಗಿರುವ ಕ್ಯಾಮ್ ಒಂದು ಉದ್ದನೆಯ ಕಡ್ಡಿಯನ್ನು ಮೇಲಕ್ಕೆ ತಳ್ಳುತ್ತದೆ. ಇದು ಪುಶ್‌ರಾಡ್. ಅದು ರಾಕರನ್ನು ಎತ್ತುತ್ತದೆ, ರಾಕರ್ ವಾಲ್ವನ್ನು ಒತ್ತಿ ತೆರೆಯುತ್ತದೆ, ಸ್ಪ್ರಿಂಗ್ ಅದನ್ನು ಮತ್ತೆ ಮುಚ್ಚುತ್ತದೆ. ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುವಾಗ ಒಂದೊಂದು ವಾಲ್ವ್ ನಿಮಿಷಕ್ಕೆ 1200 ಸಲ, ಅಂದರೆ ಸೆಕೆಂಡಿಗೆ 20 ಸಲ ತೆರೆದು ಮುಚ್ಚುತ್ತದೆ.

ಹೇಗೆ ಕೆಡುತ್ತದೆ?

ನಮ್ಮ ಘಾಟಿ ರಸ್ತೆಗಳಲ್ಲಿ ಮುಖ್ಯ ಕಾರಣ ಇಳಿಜಾರು. ಲೋಡ್ ಗಾಡಿ ವೇಗವಾಗಿ ಇಳಿಯುತ್ತಿರುವಾಗ ಡ್ರೈವರ್ ತಪ್ಪಿ ತೀರಾ ಕೆಳಗಿನ ಗೇರಿಗೆ ಹಾಕಿದರೆ ಚಕ್ರಗಳೇ ಎಂಜಿನ್ನನ್ನು ಎಳೆದು ತಿರುಗಿಸುತ್ತವೆ. ಗವರ್ನರ್ ಡೀಸೆಲ್ ಕಡಿಮೆ ಮಾಡಬಲ್ಲದು, ಚಕ್ರದ ಎಳೆತವನ್ನು ತಡೆಯಲಾರದು. ಆಗ ಸ್ಪ್ರಿಂಗಿಗೆ ವಾಲ್ವನ್ನು ಸಮಯಕ್ಕೆ ಮುಚ್ಚಲು ಆಗುವುದಿಲ್ಲ. ಮೇಲೆ ಬರುವ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ, ಪುಶ್‌ರಾಡ್ ಬಗ್ಗುತ್ತದೆ. ಆಯಿಲ್ ಕಡಿಮೆಯಾದರೆ ರಾಕರ್, ಕ್ಯಾಮ್ ಸವೆಯುತ್ತವೆ. ಟ್ಯಾಪೆಟ್ ಸಂದು ತೀರಾ ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಕೆಲವು ಸಣ್ಣ ಗಾಡಿಗಳಲ್ಲಿ ಪುಶ್‌ರಾಡ್ ಇಲ್ಲ, ಟೈಮಿಂಗ್ ಬೆಲ್ಟ್ ಇದೆ. ಅದು ತುಂಡಾದರೂ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ.

ಗುರುತುಗಳು

ಮೇಲ್ಭಾಗದಿಂದ ಟಿಕ್ ಟಿಕ್ ಶಬ್ದ, ಎಂಜಿನ್ ನಡುಗುವುದು, ಪುಲ್ಲಿಂಗ್ ಕಡಿಮೆಯಾಗುವುದು, ಬಿಳಿ ಹೊಗೆ, ಏರ್ ಫಿಲ್ಟರ್ ಕಡೆಯಿಂದ ಸೀನಿದ ಹಾಗೆ ಸದ್ದು. ಶಬ್ದ ಒಂದನ್ನೇ ನಂಬಬೇಡಿ, ಕೆಟ್ಟ ಇಂಜೆಕ್ಟರ್ ಕೂಡ ಬಡಿಯುತ್ತದೆ. ಹಳೆಯ ಪಂಪಿನ ಗಾಡಿಯಲ್ಲಿ ಮೆಕ್ಯಾನಿಕ್ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ನೋಡುತ್ತಾರೆ. ಆಗ ಬಡಿತ ನಿಂತರೆ ಡೀಸೆಲ್ ಕಡೆಯ ದೋಷ ಇರಬಹುದು, ನಿಲ್ಲದಿದ್ದರೆ ಒಳಗಿನ ಭಾಗದ್ದು. ಹೊಸ ಕಾಮನ್ ರೈಲ್ ಗಾಡಿಗಳಲ್ಲಿ ಮಾತ್ರ ಹೀಗೆ ಮಾಡಲೇಬಾರದು. ಅಲ್ಲಿ ಡೀಸೆಲ್ ಒತ್ತಡ ಲಾರಿ ಟಯರಿನ ಗಾಳಿಗಿಂತ ನೂರು ಪಟ್ಟಿಗೂ ಹೆಚ್ಚು, ಚರ್ಮವನ್ನೇ ತೂತು ಮಾಡುತ್ತದೆ.

ಪರೀಕ್ಷೆಯ ಕ್ರಮ

ನಮ್ಮ ಒಂದು ಸಂಘದ ಸದಸ್ಯೆಯ ಲಾರಿ ಘಾಟಿಯಲ್ಲಿ ಹೀಗೇ ಕೆಟ್ಟು ನಿಂತಿತು. ಮೊದಲ ಗ್ಯಾರೇಜಿನಲ್ಲಿ ಏನೂ ಬಿಚ್ಚಿ ನೋಡದೆ "ಬೋರಿಂಗ್, ಪಿಸ್ಟನ್, ಎಲ್ಲಾ ಹೊಸದು" ಅಂದರು. ಸಂಘದವರು ಜೊತೆಗೆ ಹೋಗಿ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹಂತ ಹಂತವಾಗಿ ನೋಡಿಸಿದರು.

ಮೊದಲು ರಾಕರ್ ಕವರ್ ಮಾತ್ರ ತೆಗೆದರು. ಎರಡು ಪುಶ್‌ರಾಡ್ ಬಗ್ಗಿದ್ದವು. ಪುಶ್‌ರಾಡನ್ನು ಸಪಾಟಾದ ಗಾಜಿನ ಮೇಲೆ ಉರುಳಿಸಿದರೆ ಬಗ್ಗಿರುವುದು ನಮಗೂ ಕಾಣುತ್ತದೆ. ಸ್ಪ್ರಿಂಗ್ ತುಂಡಾಗಿದೆಯೇ, ಒಂದು ವಾಲ್ವಿನ ತುದಿ ಉಳಿದವಕ್ಕಿಂತ ಕೆಳಗೆ ನಿಂತಿದೆಯೇ ಎಂದೂ ನೋಡಬೇಕು.

ಎರಡನೆಯದು ಕಂಪ್ರೆಷನ್ ಪರೀಕ್ಷೆ. ಗೇಜ್ ಇಟ್ಟು ಪ್ರತಿ ಸಿಲಿಂಡರಿನ ಒತ್ತಡ ಅಳೆಯುತ್ತಾರೆ. ರಾಡ್ ಬಗ್ಗಿದ ಸಿಲಿಂಡರಿಗೆ ಗಾಳಿಯೇ ಸರಿಯಾಗಿ ಬಾರದಿರಬಹುದು, ಆದ್ದರಿಂದ ರಾಡ್ ಬದಲಿಸಿಯೇ ಅಳೆಯಬೇಕು. ಇಲ್ಲಿ ಒಂದು ಸಿಲಿಂಡರ್ ಮಾತ್ರ ಕಡಿಮೆ ತೋರಿಸಿತು.

ಮೂರನೆಯದು ಗಾಳಿ ಪರೀಕ್ಷೆ. ಆ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರಬೇಕಾದ ಸ್ಥಿತಿಯಲ್ಲಿ, ಎಂಜಿನ್ ತಿರುಗದಂತೆ ಹಿಡಿದು, ಕಂಪ್ರೆಸರ್ ಗಾಳಿ ಬಿಡುತ್ತಾರೆ. ಗಾಳಿ ಎಲ್ಲಿಂದ ಹೊರಬರುತ್ತದೆ ಎಂದು ಕಿವಿಗೊಟ್ಟರೆ ಸಾಕು:

• ಏರ್ ಫಿಲ್ಟರ್ ಕಡೆ ಬುಸ್ ಅಂದರೆ ಇನ್‌ಲೆಟ್ ವಾಲ್ವ್
• ಸೈಲೆನ್ಸರಿನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್
• ಆಯಿಲ್ ಹಾಕುವ ಬಾಯಿಯಲ್ಲಿ ಜೋರಾಗಿ ಬಂದರೆ ಪಿಸ್ಟನ್, ರಿಂಗ್ ಅಥವಾ ಲೈನರ್ (ಸ್ವಲ್ಪ ಬರುವುದು ಸಹಜ)
• ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು ಬಿಟ್ಟ ಹೆಡ್

ಇಲ್ಲಿ ಗಾಳಿ ಸೈಲೆನ್ಸರಿನಲ್ಲಿ ಬಂತು. ಹೆಡ್ ಇಳಿಸಿದಾಗ ಎಕ್ಸಾಸ್ಟ್ ವಾಲ್ವ್ ಬಗ್ಗಿತ್ತು. ಪಿಸ್ಟನ್ ತಲೆಯ ಮೇಲೆ ಸಣ್ಣ ಗುರುತು ಬಿಟ್ಟರೆ ಬಿರುಕು ಇರಲಿಲ್ಲ. ಆ ವಾಲ್ವ್, ಅದರ ಗೈಡ್, ಎರಡು ರಾಡ್, ಗ್ಯಾಸ್ಕೆಟ್ ಹೊಸದು ಹಾಕಿ, ಸೀಟ್ ಉಜ್ಜಿಸಿ, ಟ್ಯಾಪೆಟ್ ಹೊಂದಿಸಿದರು. ಬೋರಿಂಗ್ ಬೇಕಾಗಲಿಲ್ಲ. ಆ ಮನೆಯ ಓಲೆ ಕಿವಿಯಲ್ಲೇ ಉಳಿಯಿತು.

ಎಲ್ಲ ಸಲವೂ ಹೀಗೆ ಕಡಿಮೆಯಲ್ಲಿ ಮುಗಿಯುವುದಿಲ್ಲ. ವಾಲ್ವಿನ ತಲೆ ಮುರಿದು ಒಳಗೆ ಬಿದ್ದಿದ್ದರೆ ಪಿಸ್ಟನ್, ಹೆಡ್, ಟರ್ಬೊ ತನಕ ಹಾಳಾಗಬಹುದು. ಆದ್ದರಿಂದ ಜೋರು ಬಡಿತ ಕೇಳಿದರೆ "ಮನೆ ತನಕ ಹೋಗಿಬಿಡೋಣ" ಅನ್ನಬೇಡಿ. ಗಾಡಿ ಬದಿಗೆ ನಿಲ್ಲಿಸಿ, ಮತ್ತೆ ಮತ್ತೆ ಸೆಲ್ಫ್ ಹೊಡೆಯದೆ ಎಳೆಸಿಕೊಂಡು ಹೋಗಲಿ.

ನೆನಪಿಡೋಣ

ಗಾಡಿ ಓಡಿಸಿದವರನ್ನು ಬೈದರೆ ಅವರು ನಡೆದದ್ದನ್ನು ಮುಚ್ಚಿಡುತ್ತಾರೆ. "ಇಳಿಜಾರಿನಲ್ಲಿ ಗೇರ್ ತಪ್ಪಿತು" ಎಂಬ ಒಂದು ಮಾತು ಮೆಕ್ಯಾನಿಕ್‌ಗೆ ಅರ್ಧ ದಾರಿ ತೋರಿಸುತ್ತದೆ. ಪರೀಕ್ಷೆಯ ಅಳತೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಬದಲಿಸಿದ ಹಳೆಯ ಭಾಗಗಳನ್ನು ಬಿಲ್ಲಿನ ಜೊತೆ ಕೇಳಿ ತನ್ನಿ. ಕೆಲಸವಾದ ಮೇಲೆ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಿ. ಗಾಡಿ ಸಾಲ ಪಡೆದವರು ಕಂತಿನ ಜೊತೆ ರಿಪೇರಿಗೆಂದು ಸ್ವಲ್ಪ ಉಳಿತಾಯವನ್ನೂ ಕಟ್ಟುತ್ತಾ ಬಂದರೆ ಕಷ್ಟದ ದಿನ ಬಡ್ಡಿಯವನ ಬಾಗಿಲು ತಟ್ಟಬೇಕಾಗಿಲ್ಲ.

ಗ್ಯಾರೇಜಿಗೆ ಒಬ್ಬಳೇ ಹೋಗಲು ಹಿಂಜರಿಕೆಯಾದರೆ ಸಂಘದ ಇಬ್ಬರು ಜೊತೆಗೆ ಹೋಗಿ. ಕೇಳುವುದರಲ್ಲಿ ನಾಚಿಕೆ ಇಲ್ಲ, ದುಡ್ಡು ನಮ್ಮದು.