ಒಂದೇ ರಾಕೆಟ್, ಎರಡು ಉಪಗ್ರಹ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಆಕಾಶಕ್ಕೆ ಮುಖ ಮಾಡಿ ನಿಂತ ದೊಡ್ಡ ದೊಡ್ಡ ಡಿಶ್‌ಗಳನ್ನು ನೋಡಿದ್ದೀರಾ? ಅದು ಇಸ್ರೋದ ಎಂ.ಸಿ.ಎಫ್., ಅಂದರೆ ಮುಖ್ಯ ನಿಯಂತ್ರಣ ಕೇಂದ್ರ. 1982ರಿಂದ ಉಪಗ್ರಹಗಳ ಲಗಾಮು ಹಿಡಿದಿರುವ ಜಾಗ. ನಮ್ಮ ಕಾಲಮಾನದಂತೆ 2011ರ ಮೇ 21ರ ನಸುಕಿನಲ್ಲಿ ದಕ್ಷಿಣ ಅಮೆರಿಕದ ಕೌರೂವಿನಿಂದ ಏರಿಯಾನ್-5 ರಾಕೆಟ್ ಹಾರಿತು. ಅದು ನಮ್ಮ ಜಿಸ್ಯಾಟ್-8 ಉಪಗ್ರಹವನ್ನು ಬಿಟ್ಟ ಕೂಡಲೇ ಅದರ ಸಂಕೇತ ಹಾಸನಕ್ಕೆ ಸಿಕ್ಕಿತು. ಮುಂದೆ ಇಲ್ಲಿಂದಲೇ ಆಜ್ಞೆ ಕಳಿಸಿ, ಉಪಗ್ರಹದೊಳಗಿನ ಎಂಜಿನ್ನನ್ನು ಮತ್ತೆ ಮತ್ತೆ ಉರಿಸಿ, ಅದನ್ನು ತನ್ನ ಜಾಗಕ್ಕೆ ಏರಿಸಿದರು.

ಅದೇ ರಾಕೆಟ್ಟಿನಲ್ಲಿ ಎಸ್‌ಟಿ-2 ಎಂಬ ಇನ್ನೊಂದು ಉಪಗ್ರಹವೂ ಇತ್ತು. ಅದರಲ್ಲಿ ಸಿಂಗಪುರದ ಒಂದು ಕಂಪನಿಗೂ ತೈವಾನಿನ ಒಂದು ಕಂಪನಿಗೂ ಪಾಲು.

ಈ ತೈವಾನಿನದು ವಿಚಿತ್ರ ಸ್ಥಿತಿ. ಎರಡು ಕೋಟಿಗೂ ಮೀರಿ ಜನ, ಸ್ವಂತ ಸರ್ಕಾರ, ಸ್ವಂತ ಸೇನೆ, ಸ್ವಂತ ನಾಣ್ಯ ಎಲ್ಲ ಉಂಟು. ಆದರೆ ಚೀನಾ ಅದು ತನ್ನದೇ ಭಾಗ ಎನ್ನುತ್ತದೆ. ಭಾರತವೂ ಸೇರಿದಂತೆ ಹೆಚ್ಚಿನ ದೇಶಗಳು ತೈವಾನಿಗೆ ದೇಶವೆಂಬ ಮಾನ್ಯತೆ ಕೊಟ್ಟಿಲ್ಲ. ವಿಶ್ವಸಂಸ್ಥೆಯಲ್ಲಿ ಚೀನಾದ ಸ್ಥಾನ 1971ರಲ್ಲಿ ಬೀಜಿಂಗ್ ಸರ್ಕಾರಕ್ಕೆ ಹೋದ ಮೇಲೆ ತೈವಾನಿಗೆ ಅಲ್ಲಿ ಕುರ್ಚಿಯೇ ಇಲ್ಲ.

ಕುರ್ಚಿಗೂ ಉಪಗ್ರಹಕ್ಕೂ ಏನು ಸಂಬಂಧ? ಅರಕಲಗೂಡಿನ ಒಂದು ಮನೆಯ ತಾರಸಿಯ ಮೇಲಿರುವ ಟಿ.ವಿ. ಡಿಶ್ ನೋಡಿ. ಒಮ್ಮೆ ತಿರುಪು ಬಿಗಿದರೆ ಮುಗಿಯಿತು, ಮತ್ತೆ ತಿರುಗಿಸುವಂತಿಲ್ಲ. ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹ ಭೂಮಿ ತಿರುಗುವಷ್ಟೇ ಹೊತ್ತಿನಲ್ಲಿ ಒಂದು ಸುತ್ತು ಮುಗಿಸುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ಅದು ನಿಂತಲ್ಲೇ ನಿಂತಂತೆ. ಇಂಥ ಬಳೆಯಾಕಾರದ ದಾರಿ ಆಕಾಶದಲ್ಲಿ ಒಂದೇ ಒಂದು, ಎಲ್ಲರಿಗೂ ಬೇಕಾದದ್ದೂ ಅದೇ. ಅಕ್ಕಪಕ್ಕದ ಉಪಗ್ರಹಗಳು ಒಂದೇ ಬಗೆಯ ರೇಡಿಯೋ ಅಲೆ ಬಳಸಿದರೆ ಎರಡೂ ಕಲಸಿಹೋಗುತ್ತವೆ. ಅದಕ್ಕೇ ಯಾರು ಎಲ್ಲಿ, ಯಾವ ಅಲೆಯಲ್ಲಿ ಎಂಬ ಲೆಕ್ಕವನ್ನು ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇಡುತ್ತದೆ. ಅದು ವಿಶ್ವಸಂಸ್ಥೆಯ ಅಂಗಸಂಸ್ಥೆ. ಅರ್ಜಿ ಹಾಕಬೇಕಾದವರು ಸದಸ್ಯ ದೇಶಗಳ ಸರ್ಕಾರಗಳು. ಕುರ್ಚಿಯಿಲ್ಲದ ತೈವಾನ್ ತಾನೇ ಅರ್ಜಿ ಹಾಕುವಂತಿಲ್ಲ.

ಹೇಮಾವತಿ ನಾಲೆಯ ಬಯಲಿನಲ್ಲಿ ಮಾತು ಬಿಟ್ಟ ಎರಡು ಮನೆಯವರು ನೀರಿನ ಸರದಿಯನ್ನು ಪಕ್ಕದ ಗದ್ದೆಯವನ ಬಾಯಲ್ಲಿ ಹೇಳಿಸುತ್ತಾರಲ್ಲ, ಇಲ್ಲೂ ಹಾಗೇ. ಎಸ್‌ಟಿ-2ರ ಜಾಗ ದೊರೆತದ್ದು ಸಿಂಗಪುರದ ಹೆಸರಿನಲ್ಲಿ. ತಮಾಷೆಯೆಂದರೆ, ಸಿಂಗಪುರವೂ ತೈವಾನಿಗೆ ಮಾನ್ಯತೆ ಕೊಟ್ಟ ದೇಶವಲ್ಲ!

ಮಾನ್ಯತೆ ಕೊಡದೆಯೂ ತೈವಾನಿನೊಡನೆ ವ್ಯವಹರಿಸಲು ನಮ್ಮ ಸರ್ಕಾರಕ್ಕೂ ಒಂದು ದಾರಿಯಿದೆ. ತೈವಾನಿನ ರಾಜಧಾನಿ ತೈಪೆಯಲ್ಲಿ ಭಾರತದ ರಾಯಭಾರ ಕಚೇರಿ ಇಲ್ಲ. 1995ರಲ್ಲಿ ಶುರುವಾದ ‘ಭಾರತ-ತೈಪೆ ಸಂಘ’ ಇದೆ. ಅದೇ ವರ್ಷ ದೆಹಲಿಯಲ್ಲಿ ‘ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರ’ ತೆರೆಯಿತು, ಆಮೇಲೆ ಚೆನ್ನೈಯಲ್ಲೂ ಒಂದು. ಹೆಸರು ಓದಿದರೆ ಒಳಗೆ ಭರತನಾಟ್ಯ ಕಲಿಸುತ್ತಾರೇನೋ ಅನ್ನಿಸಬೇಕು, ಕೊಡುವುದು ಮಾತ್ರ ವೀಸಾ. ಚನ್ನರಾಯಪಟ್ಟಣದ ಹುಡುಗಿಯೊಬ್ಬಳು ಚಿಪ್ ತಯಾರಿಕೆ ಕಲಿಯಲು ತೈವಾನಿಗೆ ಹೊರಟರೆ ಅರ್ಜಿ ಹಾಕಬೇಕಾದದ್ದು ಇಂಥ ‘ಕೇಂದ್ರ’ಕ್ಕೇ.