ಹಾಡಿನ ಹಿಂದೆ ಕೂತವರು



ವಾಡಿ ಜಂಕ್ಷನ್ನಿನಿಂದ ಹೈದರಾಬಾದ್ ಕಡೆಗೆ ಹೊರಟ ಪ್ಯಾಸೆಂಜರ್ ಗಾಡಿ ಚಿತ್ತಾಪುರ, ಮಳಖೇಡ, ಸೇಡಂ ದಾಟಿ ತಾಂಡೂರು ಮುಟ್ಟುವುದರೊಳಗೆ ಡಬ್ಬಿಯೊಳಗಿನ ಮಾತು ಕನ್ನಡದಿಂದ ಉರ್ದುವಿಗೆ, ಉರ್ದುವಿನಿಂದ ತೆಲುಗಿಗೆ ಹೊರಳಿರುತ್ತದೆ. ರೈಲೇ ಇಲ್ಲದ ಚಿಂಚೋಳಿ ಕಡೆ ಹೋದರೆ ತಾಂಡಾಗಳ ಲಂಬಾಣಿ ಮಾತೂ ಕಿವಿಗೆ ಬೀಳುತ್ತದೆ. 1874ರಲ್ಲಿ ವಾಡಿ-ಹೈದರಾಬಾದ್ ದಾರಿಯಲ್ಲಿ ನಿಜಾಮರ ರೈಲು ಓಡತೊಡಗಿತು. 1956ರವರೆಗೆ ನಾವು ಹೈದರಾಬಾದ್ ರಾಜ್ಯದವರೇ ಆಗಿದ್ದೆವು. ಹಾಗಾಗಿ ಸಿನಿಮಾ ಹಾಡು ನಮಗೆ ಒಂದೇ ದಿಕ್ಕಿನಿಂದ ಬಂದದ್ದಲ್ಲ. ಬುಧವಾರ ರಾತ್ರಿ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ, ಹೈದರಾಬಾದ್ ಕಡೆಯಿಂದ ತೆಲುಗು ಹಾಡು, ಮದ್ರಾಸಿನಲ್ಲಿ ರೆಕಾರ್ಡ್ ಆಗಿ ಬರುತ್ತಿದ್ದ ಕನ್ನಡ ಹಾಡು, ಎಲ್ಲವೂ ಬಂದವು. ಮಾತು ಅರ್ಧ ತಿಳಿದು ಅರ್ಧ ತಿಳಿಯದ ಕಡೆ ಕಿವಿ ಮೊದಲು ಧಾಟಿಯನ್ನು ಹಿಡಿಯುತ್ತದೆ. ಅದಕ್ಕೇ ಈ ಭಾಗದ ಕೇಳುಗರು ಒಳ್ಳೆಯ ಕೇಳುಗರು ಎಂದು ನಾನು ನಂಬಿದ್ದೇನೆ.

ಆದರೂ ನಾವು ಹಾಡು ಬೇಡುವಾಗ ಹೇಳುವುದು ಏನು? 'ರಾಜಕುಮಾರ್ ಹಾಡು ಹಚ್ರಿ', 'ವಿಷ್ಣುವರ್ಧನ್ ಹಾಡು ಹಚ್ರಿ.' ಬಹಳವಾದರೆ ಹಾಡಿದವರ ಹೆಸರು. ಧಾಟಿ ಕಟ್ಟಿದವರನ್ನು ಕೇಳುವವರು ಕಡಿಮೆ. ಇವತ್ತು ಅವರ ಬಗ್ಗೆ ನಾಲ್ಕು ಮಾತು. ಅದರಲ್ಲೂ ಹಾಡೇ ಇಲ್ಲದ ಕಡೆ ಅವರು ಮಾಡುವ ಕೆಲಸದ ಬಗ್ಗೆ, ಅಂದರೆ ಹಿನ್ನೆಲೆ ಸಂಗೀತದ ಬಗ್ಗೆ.

ಶಹಾಬಾದಿನ ಫರ್ಸಿ ಹಾಸಿದ ಮನೆಗೆ ಹೋದವರು ಕಲ್ಲಿನ ನುಣುಪು ನೋಡಿ ಹೊಗಳುತ್ತಾರೆ. ಕೆಳಗಿನ ಉಸುಕು, ಸುಣ್ಣ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಸರಿಯಿಲ್ಲದಿದ್ದರೆ ಮಾತ್ರ ಕಾಲಿಟ್ಟಲ್ಲೆಲ್ಲ ಕಲ್ಲು ಅಲುಗುತ್ತದೆ. ಹಿನ್ನೆಲೆ ಸಂಗೀತದ್ದೂ ಅದೇ ಪಾಡು. ಚಿತ್ರೀಕರಣ ಮುಗಿದು, ಸಂಕಲನ ಮುಗಿದು, ಮಾತು ಸೇರಿಸಿದ ಮೇಲೆ ಸಂಗೀತ ನಿರ್ದೇಶಕರು ತೆರೆಯ ಮುಂದೆ ಕೂರುತ್ತಾರೆ. ಎಲ್ಲಿ ಪಿಟೀಲು ಬರಬೇಕು, ಎಲ್ಲಿ ಒಂದೇ ಕೊಳಲು ಸಾಕು ಎಂದು ಗುರುತು ಹಾಕಿಕೊಳ್ಳುತ್ತಾರೆ. ಎಲ್ಲಿ ಸುಮ್ಮನಿರಬೇಕು ಎನ್ನುವುದೂ ಆ ಗುರುತಿನಲ್ಲಿ ಸೇರಿರುತ್ತದೆ. ಇದಕ್ಕೆ ರೀರೆಕಾರ್ಡಿಂಗ್ ಎನ್ನುತ್ತಾರೆ. ಕಂಪ್ಯೂಟರ್ ಬರುವ ಮೊದಲು ವಾದ್ಯದವರೆಲ್ಲ ಒಟ್ಟಿಗೆ ಕೂತು, ತೆರೆಯ ಮೇಲಿನ ದೃಶ್ಯಕ್ಕೆ ಸರಿಯಾಗಿ ನುಡಿಸಬೇಕಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ.

ಮೊದಲು ಹಿಂದಿಯ ಕಡೆ ನೋಡೋಣ. ಶಂಕರ್-ಜೈಕಿಶನ್ ಜೋಡಿಯಲ್ಲಿ ಶಂಕರ್ ಬೆಳೆದದ್ದು ನಮ್ಮ ಹೈದರಾಬಾದಿನಲ್ಲಿ. 1955ರ 'ಶ್ರೀ 420' ಚಿತ್ರದಲ್ಲಿ ತೆಲುಗು ಮಾತಿನಿಂದ ಶುರುವಾಗುವ ಒಂದು ಹಾಡಿದೆ. ಉತ್ತರದವರು ಅದನ್ನು ಅರ್ಥ ತಿಳಿಯದೆ ಗುನುಗಿದರು, ಸೇಡಂ ಕಡೆಯವರಿಗೆ ಅರ್ಥವೂ ಗೊತ್ತಿತ್ತು. ಈ ಜೋಡಿಯಲ್ಲಿ ಹಿನ್ನೆಲೆ ಸಂಗೀತದ ಹೊಣೆ ಹೆಚ್ಚಾಗಿ ಜೈಕಿಶನ್ ಅವರದು. ರಾಜ್ ಕಪೂರ್ ಚಿತ್ರಗಳಲ್ಲಿ ಮಾತಿನ ಹಿಂದೆ ಸಣ್ಣಗೆ ಬಂದುಹೋದ ಧಾಟಿ ವರ್ಷಗಳ ಮೇಲೆ ಬೇರೆ ಚಿತ್ರದಲ್ಲಿ ಪೂರ್ತಿ ಹಾಡಾಗಿ ಎದ್ದುಬಂದದ್ದುಂಟು. ಹಿನ್ನೆಲೆ ಸಂಗೀತವೆಂದರೆ ಹಾಡುಗಳ ನಡುವಿನ ಖಾಲಿ ಜಾಗ ತುಂಬುವುದಷ್ಟೇ ಎಂದು ತಿಳಿಯುವವರು ಇದನ್ನು ಗಮನಿಸಬೇಕು.

ನಮ್ಮ ಕನ್ನಡಕ್ಕೆ ಬಂದರೆ ನನ್ನ ಮನಸ್ಸು ಜಿ.ಕೆ. ವೆಂಕಟೇಶ್ ಅವರ ಕಡೆಗೇ ವಾಲುತ್ತದೆ. ತೆಲುಗು ಮನೆಮಾತಿನವರು. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ', 'ಮಯೂರ' ಅವರವೇ. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತು ಹಾಡುವ ಹಾಡನ್ನು ರಾಜಕುಮಾರರಿಂದಲೇ ಹಾಡಿಸಿ, ನಮಗೆ ಒಬ್ಬ ದೊಡ್ಡ ಗಾಯಕನನ್ನು ಕೊಟ್ಟವರೂ ಅವರೇ. ಅದಕ್ಕೂ ಮೊದಲು, 1966ರ 'ಸಂಧ್ಯಾರಾಗ'ದಲ್ಲಿ, ಗದಗ ಸೀಮೆಯ ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಇಬ್ಬರನ್ನೂ ಒಂದೇ ಚಿತ್ರಕ್ಕೆ ಹಾಡಿಸಿದ್ದರು. ಹಿಂದುಸ್ತಾನಿ ಮೇಲೋ ಕರ್ನಾಟಕಿ ಮೇಲೋ ಎಂದು ಕಟ್ಟೆಯ ಮೇಲೆ ವಾದ ಮಾಡುವವರಿಗೆ ಆ ಚಿತ್ರ ತೋರಿಸಿದರೆ ಸಾಕು.

ಆದರೆ ಅವರ ಕೆಲಸದಲ್ಲಿ ನಮ್ಮ ಭಾಗಕ್ಕೆ ಅತಿ ಹತ್ತಿರದ್ದು 1977ರ 'ಸನಾದಿ ಅಪ್ಪಣ್ಣ.' ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ, ವಿಜಯ್ ನಿರ್ದೇಶನ. ಸನಾದಿ, ಅಂದರೆ ಶಹನಾಯಿ, ನಮಗೆ ಹೊಸದಲ್ಲ. ಮದುವೆ, ಜಾತ್ರೆ, ಪಲ್ಲಕ್ಕಿ ಎಲ್ಲಕ್ಕೂ ಸನಾದಿ ಬೇಕು. ನುಡಿಸುವವರು ಮಾತ್ರ ಹಂದರದ ಹೊರಗೆ, ಎಲ್ಲರ ಊಟವಾದ ಮೇಲೆ ಅವರ ಊಟ. ಹಾಗೆ ಹೊರಗೆ ನಿಂತ ವಾದ್ಯವನ್ನು ವೆಂಕಟೇಶ್ ಚಿತ್ರದ ನಡುಮಧ್ಯಕ್ಕೆ ತಂದು ಕೂರಿಸಿದರು. ಅದನ್ನು ನುಡಿಸಲು ಬಿಸ್ಮಿಲ್ಲಾ ಖಾನರನ್ನೇ ಕರೆಸಿದರು. ಹಿಂದಿಯಲ್ಲಿ ವಸಂತ ದೇಸಾಯಿ 1959ರ 'ಗೂಂಜ್ ಉಠೀ ಶಹನಾಯಿ'ಗೆ ಖಾನ್ ಸಾಹೇಬರನ್ನು ನುಡಿಸಲು ಒಪ್ಪಿಸಿದ್ದರು, ನಿಜ. ಆದರೆ ಕನ್ನಡದ ಒಬ್ಬ ಹಳ್ಳಿ ವಾದ್ಯಗಾರನ ಪಾತ್ರಕ್ಕೆ ಅವರ ಉಸಿರು ಸಿಕ್ಕದ್ದು ದೊಡ್ಡ ಮಾತು.

ಅದರಲ್ಲಿ ಎಸ್. ಜಾನಕಿಯವರ ದನಿ ಒಂದು ಕಡೆ, ಸನಾದಿ ಇನ್ನೊಂದು ಕಡೆ ನಿಂತು ಮಾತಾಡಿಕೊಳ್ಳುವ ಹಾಡೊಂದಿದೆ. ಜಯಪ್ರದಾ ಕುಣಿಯುತ್ತಾರೆ, ರಾಜಕುಮಾರ್ ನುಡಿಸುತ್ತಾರೆ. ನಾಯಕನ ಬಾಯಿಂದ ಒಂದು ಸಾಲೂ ಬರುವುದಿಲ್ಲ. ಅವನು ಹೇಳಬೇಕಾದದ್ದನ್ನೆಲ್ಲ ಸನಾದಿ ಹೇಳುತ್ತದೆ. ಹಾಡಿನ ಮಾತು ತೆಗೆದುಹಾಕಿದರೂ ಅರ್ಧ ಸಂಭಾಷಣೆ ಉಳಿಯುತ್ತದೆ. ಸಂಗೀತ ನಿರ್ದೇಶಕರ ಬುದ್ಧಿ ನೋಡಬೇಕಾದದ್ದು ಇಲ್ಲಿ. ಅಷ್ಟು ದೊಡ್ಡ ಕಲಾವಿದ ಎದುರಿಗಿದ್ದಾಗ ಮಿಕ್ಕ ವಾದ್ಯಗಳನ್ನು ಹಿಂದೆ ಸರಿಸುವುದಕ್ಕೂ ಎದೆಗಾರಿಕೆ ಬೇಕು.

ಇದೇ ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದವರು ಇಳಯರಾಜ. 1983ರಲ್ಲಿ ಮಣಿರತ್ನಂ ಅವರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ' ಬಂತು, ಕನ್ನಡದಲ್ಲಿ. ಅದರ ಹಿನ್ನೆಲೆಯಲ್ಲಿ ಹಗುರಾಗಿ ತೇಲಿಬರುವ ಇಳಯರಾಜರ ಒಂದು ಧಾಟಿ ಮುಂದೆ ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಿಗೆ ಹೋಯಿತು. ಆ ಚಿತ್ರ ನೋಡಿರದ ಲಕ್ಷಾಂತರ ಜನ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಮಾತಿಲ್ಲದ ಸಂಗೀತ ಎಲ್ಲಿಗೆಲ್ಲ ಹೋಗಬಲ್ಲದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ರಾಜನ್-ನಾಗೇಂದ್ರ, ವಿಜಯಭಾಸ್ಕರ್ ಅವರ ಹಾಡುಗಳು ದಿನಾಲೂ ರೇಡಿಯೋದಲ್ಲಿ ಬರುತ್ತವೆ, ಅವರ ಬಗ್ಗೆ ನಾನು ಹೊಸದಾಗಿ ಹೇಳಬೇಕಿಲ್ಲ. ಕಡಿಮೆ ಮಾತಾಡುವ ಸಂಗೀತದ ಕಡೆ ಹೋಗೋಣ. 1970ರ 'ಸಂಸ್ಕಾರ'ಕ್ಕೆ ಸಂಗೀತ ಕೊಟ್ಟವರು ರಾಜೀವ ತಾರಾನಾಥರು. ಅಲಿ ಅಕ್ಬರ್ ಖಾನರ ಶಿಷ್ಯರು, ಸರೋದ್ ವಾದಕರು, ಇಂಗ್ಲಿಷ್ ಸಾಹಿತ್ಯ ಕಲಿಸಿದವರು. ತಂದೆ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದವರು, ಹಾಗಾಗಿ ಇವರು ನಮ್ಮ ಸೀಮೆಯವರೇ ಎನ್ನಲು ಅಡ್ಡಿಯಿಲ್ಲ. 2024ರ ಜೂನ್‌ನಲ್ಲಿ ತೀರಿಕೊಂಡಾಗ ಪತ್ರಿಕೆಗಳು ಸರೋದ್ ಬಗ್ಗೆ ಬರೆದವು, ಸಿನಿಮಾ ಕೆಲಸಕ್ಕೂ ಅಷ್ಟೇ ಜಾಗ ಸಿಗಬೇಕಿತ್ತು. ಬಿ.ವಿ. ಕಾರಂತರಂತೂ 1975ರ 'ಚೋಮನ ದುಡಿ'ಗೆ ನಿರ್ದೇಶನ, ಸಂಗೀತ ಎರಡನ್ನೂ ತಾವೇ ಮಾಡಿದರು. ಅದರ ನಾಯಕ ಚೋಮ ಬಾಯಿಬಿಟ್ಟು ಹೇಳಲಾಗದ ಸಿಟ್ಟನ್ನು ದುಡಿ ಬಡಿದು ಹೇಳುತ್ತಾನೆ. ಎರಡು ವರ್ಷದ ಮೇಲೆ 'ಘಟಶ್ರಾದ್ಧ'ದ ಸಂಗೀತಕ್ಕೆ ಕಾರಂತರಿಗೆ ರಾಷ್ಟ್ರಪ್ರಶಸ್ತಿ ಬಂತು. ಹಾಡು ಹಿಟ್ ಆಗದೆಯೂ ಸಂಗೀತ ಗೆಲ್ಲಬಹುದು.

ಹಂಸಲೇಖರ ಮಾತು ಬೇರೆ. 1987ರ 'ಪ್ರೇಮಲೋಕ'ದಿಂದ ಕನ್ನಡದ ಹಾಡಿನ ನಡಿಗೆಯನ್ನೇ ಬದಲಿಸಿದರು. ಅವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು ಮಾತ್ರ 1995ರಲ್ಲಿ ಬಂದ ಗಾನಯೋಗಿ ಪಂಚಾಕ್ಷರ ಗವಾಯಿಗಳ ಚಿತ್ರ. ಅದೇ ಚಿತ್ರದ ಹಿಂದುಸ್ತಾನಿ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಪ್ರಶಸ್ತಿ. ಆ ಗವಾಯಿಗಳ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಸಂಗೀತಗಾರರು ಕಲಬುರಗಿ, ರಾಯಚೂರು ಸೀಮೆಯ ಮಠ, ಜಾತ್ರೆಗಳಲ್ಲಿ ಹಾಡಿದ್ದನ್ನು ಕೇಳಿದವರಿಗೆ ಆ ಚಿತ್ರದ ಸ್ವರ ಪರಿಚಿತ.

ಈಗಿನ ಚಿತ್ರಗಳ ಸಂಗೀತ ಜೋರಾಯಿತು ಎಂದು ಹಿರಿಯರು ಗೊಣಗುತ್ತಾರೆ. ಪೂರ್ತಿ ಸುಳ್ಳಲ್ಲ. 'ಕೆಜಿಎಫ್' ನೋಡಿ ಹೊರಬಂದವರ ಕಿವಿ ಗುಂಯ್ ಅಂದದ್ದುಂಟು. ಆದರೆ ಕುಂದಾಪುರ ಬದಿಯ ಬಸ್ರೂರಿನಿಂದ ಬಂದು, ಊರ ಹೆಸರನ್ನೇ ಹೆಸರಿಗೆ ಕಟ್ಟಿಕೊಂಡ ರವಿ ಬಸ್ರೂರರ ಆ ಕೆಲಸದಲ್ಲಿ ನನಗೆ ಉಳಿದದ್ದು ನಾಯಕನಿಗೆ ತಾಯಿಯ ನೆನಪು ಬಂದಾಗಿನ ಸಣ್ಣ ಧಾಟಿ. ಅಂಥ ಧಾಟಿ ಕಟ್ಟಲು ಗೊತ್ತಿದ್ದವರು ಗದ್ದಲವನ್ನು ಬೇಕೆಂದೇ ಮಾಡಿದ್ದಾರೆ, ಬಾರದೆ ಮಾಡಿದ್ದಲ್ಲ. ಗದ್ದಲ ಮಾತ್ರ ಕಲಿತು ಧಾಟಿ ಬಿಟ್ಟವರ ಬಗ್ಗೆ ದೂರುವುದಿದ್ದರೆ ದೂರೋಣ.

ಕೇಳುಗರಲ್ಲಿ ಒಂದು ಕೋರಿಕೆ. ಸೇಡಂನಿಂದಾಗಲಿ, ವಾಡಿಯಿಂದಾಗಲಿ, ಚಿಂಚೋಳಿಯ ತಾಂಡಾದಿಂದಾಗಲಿ, ಮುಂದಿನ ಸಲ ನೀವು ರೇಡಿಯೋಕ್ಕೆ ಮೆಚ್ಚಿನ ಹಾಡು ಬೇಡಿ ಬರೆಯುವಾಗ ಚಿತ್ರದ ಹೆಸರು, ಹಾಡಿದವರ ಹೆಸರಿನ ಜೊತೆಗೆ ಸಂಗೀತ ಕೊಟ್ಟವರ ಹೆಸರನ್ನೂ ಬರೆಯಿರಿ. ಗೊತ್ತಿಲ್ಲದಿದ್ದರೆ ಹುಡುಕಿ ಬರೆಯಿರಿ. ಮನೆಯ ಮದುವೆಗೆ ಸನಾದಿಯವರನ್ನು ಕರೆಸಿದರೆ ಅವರಿಗೆ ಹಂದರದ ಒಳಗೆ ಜಾಗ ಕೊಡಿ, ಊಟ ಮೊದಲ ಪಂಕ್ತಿಯಲ್ಲಿ ಹಾಕಿಸಿ.