ಹಿಂದಿನ ಶಾಕಪ್ ಹೋಗೇದೋ, ಬರೀ ಬುಷ್ ಸವದದೋ?

ಮುಂಡರಗಿಯ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸ್ಯಾರ. ತಿಂಗಳಿಗೊಮ್ಮೆ ಅವ್ವನ್ನ ತಮ್ಮ ಹಳೇ ಸ್ಪ್ಲೆಂಡರ್ ಮ್ಯಾಲೆ ಗದಗಿನ ಜಿಮ್ಸ್ ಆಸ್ಪತ್ರೆಗೆ ಕರಕೊಂಡು ಬರ್ತಾರ. ಈಗ ಅವ್ವ "ನಾ ಬಸ್ಸಿಗೆ ಬರ್ತೀನಪ್ಪಾ, ನಡಾ ಮುರೀತದ" ಅಂತಾರಂತ. ಇವರು ಸೀಟಿಗೆ ಹೊಸ ಫೋಮ್ ಹಾಕಿಸಿದ್ರು, ಟೈರಿನ ಗಾಳಿ ಕಮ್ಮಿ ಮಾಡಿದ್ರು, ಫರಕ್ ಬಿದ್ದಿಲ್ಲ. "ಶಾಕಪ್ ಬದಲಿ ಮಾಡಬೇಕೇನ್ರಿ?" ಅಂತ ಕೇಳ್ಯಾರ.

ಅಣ್ಣಾರ, ಮೊದಲು ಗಾಳಿ ಸರಿ ಹಾಕಿಸ್ರಿ. ಕಮ್ಮಿ ಗಾಳಿಗೆ ಟೈರ್ ಬಿಸಿ ಆಗ್ತದ, ತಗ್ಗಿನ್ಯಾಗ ರಿಮ್ ಬಡೀತದ.

ಶಾಕ್ ಅಬ್ಸಾರ್ಬರ್ ಒಳಗ ಎರಡು ಕೆಲಸ ನಡೀತಾವ. ಹೊರಗಿನ ಸ್ಪ್ರಿಂಗ್ ಭಾರ ಹೊರತದ. ಒಳಗಿನ ಎಣ್ಣೆ ಸಣ್ಣ ತೂತಿನ್ಯಾಗ ಹಾದು ಸ್ಪ್ರಿಂಗಿನ ಕುಣಿತ ನಿಲ್ಲಿಸ್ತದ. ಸೀಲ್ ಹೋಗಿ ಎಣ್ಣೆ ಸೋರಿದ್ರ ಬರೀ ಸ್ಪ್ರಿಂಗ್ ಉಳೀತದ. ಆಗ ಚಕ್ರ ಪುಟಿದು ಅರೆಕ್ಷಣ ರಸ್ತಾ ಬಿಡ್ತದ. ಅದೇ ಹೊತ್ತಿಗೆ ಬ್ರೇಕ್ ಒತ್ತಿದ್ರ ಚಕ್ರ ಲಾಕ್ ಆಗಿ ಗಾಡಿ ಜಾರ್ತದ. ಹಂಗಾಗಿ ಇದು ಬರೀ ನಡಾ ನೋವಿನ ಮಾತಲ್ಲ.

ನಾನು ಬಿ.ಕಾಂ. ಓದಿದವ. ಸವಕಳಿ ಅಂತ ಒಂದು ಲೆಕ್ಕ ಇತ್ತು ನಮಗ. ಶಾಕಪ್‌ದೂ ಅದೇ ಕಥಿ. ದಿನಾ ಇಷ್ಟಿಷ್ಟೇ ಸವೀತದ, ಓಡಿಸೋರ ಮೈಗೆ ರೂಢಿ ಆಗಿಬಿಡ್ತದ. ಹಿಂದಿನ ಚಕ್ರದ ಮ್ಯಾಲೇ ಕೂತವರಿಗೆ ಮೊದಲು ಗೊತ್ತಾಗ್ತದ. ಅಂದ್ರ ಅವ್ವನೇ ಸರಿಯಾಗಿ ಹೇಳ್ಯಾರ! ಅದರಾಗ ನಮ್ಮದು ಎರೆ ಭೂಮಿ. ಮಳಿಗೆ ಉಬ್ತದ, ಬ್ಯಾಸಗಿಗೆ ಬಿರೀತದ, ಮ್ಯಾಲಿನ ಡಾಂಬರ್ ಅಲೆ ಅಲೆ ಆಗ್ತದ. ಮುಂಡರಗಿ ಕಡೆ ಹೋಗ್ರಿ, ಶಿರಹಟ್ಟಿ, ಲಕ್ಷ್ಮೇಶ್ವರ ಕಡೆ ಹೋಗ್ರಿ, ಗುಂಡಿ ಇಲ್ಲದಲ್ಲೂ ಗಾಡಿ ತೊಟ್ಟಿಲಾದಂಗ ತೂಗ್ತದ. ಮ್ಯಾಲೆ ಎರಡು ಚೀಲ ಉಳ್ಳಾಗಡ್ಡಿ ಬ್ಯಾರೆ.

ಪರೀಕ್ಷಾ ಮನ್ಯಾಗೇ ಮಾಡಬಹುದು. ಗಾಡಿ ಸ್ಟ್ಯಾಂಡಿನಿಂದ ಇಳಿಸಿ, ಹಿಂದಿನ ಸೀಟ್ ಜೋರಾಗಿ ಒತ್ತಿ ಬಿಡ್ರಿ. ಒಮ್ಮೆ ಎದ್ದು ನಿಂತ್ರ ಛಲೋ. ಎರಡು ಮೂರು ಸಲ ಕುಣಿದ್ರ ಒಳಗಿನ ಕೆಲಸ ಮುಗದದ ಅಂತ ತಿಳೀರಿ. ಆಮ್ಯಾಲೆ ಟಾರ್ಚ್ ಹಿಡಿದು ರಾಡ್ ನೋಡ್ರಿ. ಎಣ್ಣೆಗೆ ಧೂಳು ಮೆತ್ತಿ ಕರೀ ಜಿಡ್ಡು ಕೂತದೇನು? ಚೈನಿನ ಎಣ್ಣೆಯೂ ಸಿಡಿದಿರಬಹುದು, ಗಡಬಡ ಬ್ಯಾಡ. ಒರೆಸಿ, ಒಂದು ವಾರ ಓಡಿಸಿ ಮತ್ತ ನೋಡ್ರಿ.

ಕುಣಿತ ಇಲ್ಲ, ಆದ್ರ ತಗ್ಗಿನ್ಯಾಗ 'ಟಕ್ ಟಕ್' ಅಂತದ ಅಂದ್ರ ಬುಷ್ ಮ್ಯಾಲೆ ಅನುಮಾನ ಪಡ್ರಿ. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಮ್ಯಾಲೆ ಕೆಳಗ ಎತ್ತಿ ನೋಡ್ರಿ. ಶಾಕಪ್ ಕೂತ ಜಾಗದಾಗ ಆಟ ಇದ್ರ ರಬ್ಬರ್ ಬುಷ್ ಬದಲಿ ಮಾಡಿಸಿದ್ರ ಸಾಕು, ಭಾಳ ಕಮ್ಮಿ ಖರ್ಚು. ಚಕ್ರ ಆಕಡೆ ಈಕಡೆ ಅಲ್ಲಾಡಿದ್ರ ವ್ಹೀಲ್ ಬೇರಿಂಗ್, ಇಲ್ಲಾ ಸ್ವಿಂಗ್ ಆರ್ಮ್ ಬುಷ್. ಅದು ಶಾಕಪ್ ತಪ್ಪಲ್ಲ.

ಕೆಲವರು ಅಡ್ಜಸ್ಟರ್ ತಿರುವಿ ಕೊನೇ ಸ್ಟೆಪ್ಪಿಗೆ ಇಡ್ತಾರ. ಸ್ಪ್ರಿಂಗ್ ಇನ್ನಷ್ಟು ಒತ್ತಿ ಕೂಡ್ತದ ಅಷ್ಟೇ, ಸೋರಿಹೋದ ಎಣ್ಣೆ ವಾಪಸ್ ಬರೂದಿಲ್ಲ. ಒಡೆದು ಎಣ್ಣೆ ತುಂಬಿಸೋದೂ ನನಗ ಸೇರೂದಿಲ್ಲ. ಅದರಾಗ ಡಬ್ಬಿ ಇರೋ ಗ್ಯಾಸ್ ಶಾಕಪ್ ಅಂತೂ ಒಡೀಲೇಬ್ಯಾಡ್ರಿ. ಒಳಗ ಒತ್ತಡ ಇರ್ತದ, ಸಿಡೀತದ.

ಬದಲಿ ಮಾಡಿಸಿದ್ರ ಜೋಡಿನೇ ಮಾಡಿಸ್ರಿ. ಒಂದು ಹೊಸದು ಒಂದು ಹಳೇದು ಆದ್ರ ಎರಡೂ ಕಡೆ ಕೆಲಸ ಸಮ ಆಗೂದಿಲ್ಲ. ನಿಮ್ಮ ಗಾಡಿಯ ಮಾಡೆಲ್ಲಿಗೇ ಹೊಂದೋದು ತಗೋರಿ, ಉದ್ದದ್ದು ಹಾಕಿ ಸ್ಟೈಲ್ ಮಾಡಬ್ಯಾಡ್ರಿ. ಡಬಲ್ ಸ್ಟ್ಯಾಂಡ್ ಹಾಕಿ ಒಂದು ಸಲಕ್ಕ ಒಂದೇ ಕಡೆ ಬಿಚ್ಚಿದ್ರ ಇನ್ನೊಂದು ಕಡೆಯದು ಸ್ವಿಂಗ್ ಆರ್ಮ್ ಹಿಡಕೊಂಡಿರ್ತದ, ಬೋಲ್ಟ್ ತೂತು ಹುಡುಕೋ ಕೆಲಸ ಉಳೀತದ. ಸೀರಿ ಗಾರ್ಡ್ ಅಡ್ಡ ಬಂದ್ರ ಮೊದಲು ಅದನ್ನ ತೆಗೀರಿ, ಆದ್ರ ಮರೀದ ವಾಪಸ್ ಹಾಕ್ರಿ, ಹಿಂದ ಕೂಡೋರು ಸೀರಿ ಉಟ್ಟಿರ್ತಾರ. ವಾಷರ್ ಯಾವ ಕ್ರಮದಾಗ ಇದ್ವು ಅಂತ ಬಿಚ್ಚೂ ಮುಂಚೆ ಮೊಬೈಲಿನ್ಯಾಗ ಫೋಟೋ ಹೊಡಕೊಳ್ರಿ. ಅಡ್ಜಸ್ಟರ್ ಎಡಕ್ಕೂ ಬಲಕ್ಕೂ ಒಂದೇ ಸ್ಟೆಪ್ ಇರಬೇಕು. ಅವ್ವ ಕೂತಾಗ ಒಂದು ಸ್ಟೆಪ್ ಏರಿಸ್ರಿ.

ಮುಂಡರಗಿ ಅಣ್ಣಾರ, ಹೊಸ ಜೋಡಿ ಹಾಕಿಸಿದ ಮ್ಯಾಲೆ ಮೊದಲು ಒಬ್ಬರೇ ಡಂಬಳದ ತನಕ ಹೋಗಿ ಬರ್ರಿ. ಬಂದು ನಾಲ್ಕೂ ನಟ್-ಬೋಲ್ಟ್ ಮತ್ತೊಮ್ಮೆ ಬಿಗಿ ನೋಡ್ರಿ. ಅವ್ವ ಏನಂದ್ರು ಅಂತ ಇನ್ನೊಂದು ವಾಯ್ಸ್ ಮೆಸೇಜ್ ಹಾಕ್ರಿ, ಮುಂದಿನ ವಾರ ಕೇಳಸ್ತೀನಿ.